ಹಾಡು ಉಳಿಸಲು ಎಷ್ಟು ಮೈಕ್ ಬೇಕು?



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಬಿಡುವಿನಲ್ಲಿ ಮನೆಯಲ್ಲೇ ಧ್ವನಿಮುದ್ರಣ ಮಾಡುತ್ತೇನೆ. ನಮ್ಮೂರ ಭಜನಾ ಮೇಳದ ಪದಗಳು ಎಲ್ಲರ ಮೊಬೈಲಿನಲ್ಲಿವೆ. ಆದರೆ ತಾಳದ ಸದ್ದಿನಲ್ಲಿ ಸಾಹಿತ್ಯವೇ ಮುಳುಗಿದೆ. ಒಮ್ಮೆ ಬೆರೆತ ಸದ್ದನ್ನು ಆಮೇಲೆ ಬೇರ್ಪಡಿಸುವುದು ಕಷ್ಟ. ಅದಕ್ಕಾಗಿಯೇ ಮಲ್ಟಿಟ್ರ್ಯಾಕ್: ಒಂದೊಂದು ಮೈಕಿಗೂ ಪ್ರತ್ಯೇಕ ಮುದ್ರಣ.

ಸಲಕರಣೆ ಕೊಳ್ಳುವಾಗ ಡಬ್ಬದ ಮೇಲಿನ ಟ್ರ್ಯಾಕ್ ಸಂಖ್ಯೆಗೆ ಮರುಳಾಗಬೇಡಿ. ಏಕಕಾಲಕ್ಕೆ ಎಷ್ಟು ಮೈಕ್ ಜೋಡಿಸಬಹುದು ಎಂದು ಕೇಳಿ. ಒಬ್ಬರೇ ಒಂದಾದ ಮೇಲೊಂದು ನುಡಿಸಿ ಸೇರಿಸುವುದಾದರೆ ಎರಡು ಸಾಕು. ಹಾಡುಗಾರ, ಹಾರ್ಮೋನಿಯಂ, ತಬಲ, ತಾಳ ಒಟ್ಟಿಗೆ ಕೂತರೆ ನಾಲ್ಕು ಬೇಕು. ಕಂಡೆನ್ಸರ್ ಮೈಕ್ ಬೀದಿಯ ಸದ್ದನ್ನೂ ಹಿಡಿಯುತ್ತದೆ. ನಮ್ಮಂಥ ಮನೆಗಳಿಗೆ ಡೈನಾಮಿಕ್ ಮೈಕ್ ವಾಸಿ. ಅದನ್ನು ಬಾಯಿಂದ ಗೇಣಿನೊಳಗೆ ಇಡಿ, ಪಕ್ಕದ ವಾದ್ಯ ಹೆಚ್ಚು ನುಸುಳುವುದಿಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ನಾಲ್ಕು ಟ್ರ್ಯಾಕಿನ ಒಂದು ಗಂಟೆಗೆ ಸುಮಾರು 2 ಜಿಬಿ ಜಾಗ ಬೇಕು. ಆಡಾಸಿಟಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಸಲಕರಣೆ ಮುಂದಿನ ವರ್ಷವೂ ಸಿಗುತ್ತದೆ. ಎಪ್ಪತ್ತು ದಾಟಿದ ನಮ್ಮ ಹಾಡುಗಾರರ ಕಂಠ ಅಷ್ಟು ಕಾಯಲಾರದು. ಶಾಲೆ ಒಂದು ಕೋಣೆ ಕೊಡಲಿ, ಹಿರಿಯರು ಬಂದು ಹಾಡಲಿ. ನಾಲ್ಕು ಮೈಕುಗಳ ಹೊಣೆ ನನ್ನದು.