ಬಿಸಿಲು ಹಿಡಿಯೋಣ

ಅಕ್ಕಂದಿರೇ, ತಂಗಿಯರೇ,

ನಮ್ಮ ಶ್ರೀನಿವಾಸಪುರದಲ್ಲಿ ಮಳೆ ಕೈ ಕೊಡುತ್ತದೆ. ಬಿಸಿಲು ಕೈ ಕೊಡುವುದು ಅಪರೂಪ. ಆದರೂ ಸ್ನಾನದ ನೀರಿಗೆ ಸೌದೆ ಹೊರುವವರು ಯಾರು? ಹೊಗೆ ಕುಡಿಯುವವರು ಯಾರು? ನಾವೇ ಅಲ್ವಾ?

ಬೆಂಗಳೂರಿನ ತಾರಸಿಗಳ ಮೇಲೆ ಗಾಜಿನ ಪೆಟ್ಟಿಗೆ ನೋಡಿದ್ದೀರಾ? ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ಇರುತ್ತದೆ. ಒಳಗೆ ಕಪ್ಪು ತಗಡು. ಕಪ್ಪು ಬಿಸಿಲನ್ನು ಹೀರುತ್ತದೆ. ಗಾಜು ಕಾವನ್ನು ಹಿಡಿದಿಡುತ್ತದೆ. ತಗಡಿಗೆ ಅಂಟಿದ ಕೊಳವೆಯಲ್ಲಿ ನೀರು ಕಾಯುತ್ತದೆ. ಕಾದ ನೀರು ತಾನೇ ಮೇಲಿನ ತೊಟ್ಟಿಗೆ ಏರುತ್ತದೆ.

"ಇದೆಲ್ಲ ನಿಜವಾ ಮೇಡಂ?" ಅಂತೀರಾ? ನನ್ನ ಮಾತು ನಂಬಬೇಡಿ. ಪರೀಕ್ಷೆ ಮಾಡಿ.

ಒಂದೇ ಅಳತೆಯ ಎರಡು ಸ್ಟೀಲ್ ಪಾತ್ರೆ ತನ್ನಿ. ಒಂದರ ಮೈಗೂ ಮುಚ್ಚಳಕ್ಕೂ ಮಸಿ ಬಳಿಯಿರಿ. ಎರಡಕ್ಕೂ ಒಂದೊಂದು ಲೀಟರ್ ನೀರು ಹಾಕಿ ಮುಚ್ಚಿ. 11 ಗಂಟೆಯಿಂದ 1 ಗಂಟೆವರೆಗೆ ಬಿಸಿಲಲ್ಲಿಡಿ. ಆಮೇಲೆ ನೀರು ಮುಟ್ಟಿ ನೋಡಿ. ಯಾವುದು ಹೆಚ್ಚು ಕಾದಿದೆ?

ಮಾರನೆ ದಿನ ಎರಡಕ್ಕೂ ಮಸಿ ಬಳಿಯಿರಿ. ಎರಡು ರಟ್ಟಿನ ಡಬ್ಬದಲ್ಲಿಡಿ. ಒಂದಕ್ಕೆ ಮಾತ್ರ ಗಾಜು ಮುಚ್ಚಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಆಗಲೇ ಯಾವುದರಿಂದ ಏನಾಯಿತು ಅಂತ ತಿಳಿಯುತ್ತದೆ.

ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾವು ಅಕ್ಷರ ಕಲಿತದ್ದು ಇದಕ್ಕೇ. ನಾಳೆ ಯಾರಾದರೂ ಸೋಲಾರ್ ಮಾರಲು ಬಂದರೆ ಧೈರ್ಯವಾಗಿ ಕೇಳಿ: "ಮೊದಲು ಪರೀಕ್ಷೆ ಮಾಡಿ ತೋರಿಸಿ. ಆಮೇಲೆ ದುಡ್ಡಿನ ಮಾತು."