ಸೆಳವಿನ ಔಷಧ ಮತ್ತು ಮಿದುಳಿನ ಕ್ಯಾನ್ಸರ್: ವಾಲ್ಪ್ರೋಯಿಕ್ ಆಮ್ಲದ ವಿಚಾರ

ಒಂದು ರೋಗಕ್ಕೆಂದು ಬಳಕೆಗೆ ಬಂದ ಔಷಧವನ್ನು ಮತ್ತೊಂದು ರೋಗಕ್ಕೆ ಪ್ರಯೋಗಿಸಿ ನೋಡುವ ಔಷಧ ಮರುಬಳಕೆಯ ಚರಿತ್ರೆಯಲ್ಲಿ, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೋಯಿಕ್ ಆಮ್ಲಕ್ಕೆ ವಿಶಿಷ್ಟ ಸ್ಥಾನವಿದೆ. 1882ರಲ್ಲಿ ಬರ್ಟನ್ ಎಂಬ ರಸಾಯನಶಾಸ್ತ್ರಜ್ಞ ತಯಾರಿಸಿದ ಈ ವಸ್ತು ದಶಕಗಳ ಕಾಲ ಬರಿಯ ದ್ರಾವಕವಾಗಿತ್ತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಿಯರ್ ಎಮಾರ್ ಮತ್ತು ಸಂಗಡಿಗರು ಅದರಲ್ಲಿ ಕರಗಿಸಿ ಪರೀಕ್ಷಿಸಿದ ಸಂಯುಕ್ತಗಳೆಲ್ಲವೂ ಪ್ರಾಣಿಗಳ ಸೆಳವನ್ನು ತಡೆದಾಗ, ಗುಣವಿರುವುದು ದ್ರಾವಕದಲ್ಲಿಯೇ ಎಂಬುದು ಹೊರಬಿದ್ದಿತು.

ಕ್ಯಾನ್ಸರ್ ಸಂಶೋಧಕರ ಗಮನ ಇದರತ್ತ ಹರಿದದ್ದು, ಇದು ಹಿಸ್ಟೋನ್ ಡೀಅಸಿಟೈಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆಂದು 2001ರಲ್ಲಿ ಎರಡು ತಂಡಗಳು ಪ್ರಕಟಿಸಿದ ಮೇಲೆ. ಜೀವಕೋಶದ ಡಿಎನ್‌ಎ, ಉರುಳೆಗೆ ಸುತ್ತಿದ ನೂಲಿನಂತೆ, ಹಿಸ್ಟೋನ್ ಎಂಬ ಪ್ರೋಟೀನುಗಳನ್ನು ಸುತ್ತಿಕೊಂಡಿರುತ್ತದೆ. ಹಿಸ್ಟೋನಿಗೆ ಅಂಟಿದ ಅಸಿಟೈಲ್ ಗುಂಪುಗಳು ಸುತ್ತನ್ನು ಸಡಿಲಿಸಿ ಜೀನುಗಳು ಕೆಲಸಮಾಡಲು ಎಡೆಮಾಡಿಕೊಟ್ಟರೆ, ಈ ಕಿಣ್ವ ಆ ಗುಂಪುಗಳನ್ನು ಕಿತ್ತು ಸುತ್ತನ್ನು ಬಿಗಿಗೊಳಿಸುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳು ಹೀಗೆ ಮೂಕವಾಗಿರುವುದುಂಟಾದ್ದರಿಂದ, ಕಿಣ್ವವನ್ನು ತಡೆದರೆ ಅವು ಮತ್ತೆ ಎಚ್ಚರಗೊಳ್ಳಬಹುದೆಂಬುದು ತರ್ಕ.

ಈ ತರ್ಕದ ನಿಜವಾದ ಪರೀಕ್ಷೆ ನಡೆದದ್ದು ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಸ್ವರೂಪದ ಮಿದುಳಿನ ಗಡ್ಡೆಯಲ್ಲಿ. ಅನೇಕ ರೋಗಿಗಳಿಗೆ ಗಡ್ಡೆಯಿಂದಲೇ ಸೆಳವು ಬರುವುದರಿಂದ ಅವರು ಹೇಗೂ ಈ ಔಷಧ ಸೇವಿಸುತ್ತಿದ್ದರು. ಹಳೆಯ ದಾಖಲೆಗಳನ್ನು ತಿರುವಿಹಾಕಿದರೆ ಉತ್ತರ ದೊರೆಯುವಂತಿತ್ತು. ವಿಕಿರಣದೊಂದಿಗೆ ಟೆಮೊಜೊಲೊಮೈಡ್ ಔಷಧ ನೀಡಿದ ಪ್ರಯೋಗವೊಂದರ 2011ರ ಮರುವಿಶ್ಲೇಷಣೆಯಲ್ಲಿ, ವಾಲ್ಪ್ರೋಯಿಕ್ ಆಮ್ಲ ಪಡೆದವರಿಗೆ ಆ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಾದಂತೆ ಕಂಡಿತು. ಆದರೆ ನಾಲ್ಕು ಪ್ರಯೋಗಗಳ 1,869 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ ಆಯುಷ್ಯದ ಹೆಚ್ಚಳವೇನೂ ಕಾಣಲಿಲ್ಲ. ಚೀಟಿ ಎತ್ತಿದಂತೆ ಗುಂಪು ವಿಂಗಡಿಸದೆ, ಯಾರಿಗೆ ಯಾವ ಔಷಧವೆಂಬುದನ್ನು ವೈದ್ಯರ ವಿವೇಚನೆಗೆ ಬಿಟ್ಟ ದಾಖಲೆಗಳಲ್ಲಿ, ಔಷಧದ ಗುಣ ಯಾವುದು, ರೋಗಿಯ ಸ್ಥಿತಿಯ ಪ್ರಭಾವ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಹೋಲಿಕೆಯನ್ನು ಕದಡುವ ಇನ್ನೊಂದು ಅಂಶವೂ ಇದೆ: ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಸೆಳವಿನ ಔಷಧಗಳು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಹಲವು ಕ್ಯಾನ್ಸರ್ ಔಷಧಗಳನ್ನು ಬೇಗನೆ ಕರಗಿಸಿಬಿಡುತ್ತವೆ, ವಾಲ್ಪ್ರೋಯಿಕ್ ಆಮ್ಲ ಹಾಗೆ ಮಾಡುವುದಿಲ್ಲ.

ಮೂಲ ತತ್ತ್ವ ಮಾತ್ರ ಸುಳ್ಳಾಗಲಿಲ್ಲ. ಅದೇ ಕಿಣ್ವವನ್ನು ಹೆಚ್ಚು ಬಲವಾಗಿ ತಡೆಯುವ ವೊರಿನೋಸ್ಟಾಟ್ ಎಂಬ ಔಷಧಕ್ಕೆ, ಚರ್ಮದಲ್ಲಿ ಕಾಣಿಸಿಕೊಳ್ಳುವ ಟಿ-ಕೋಶ ಲಿಂಫೋಮಾದ ಚಿಕಿತ್ಸೆಗಾಗಿ 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ವಾಲ್ಪ್ರೋಯಿಕ್ ಆಮ್ಲವಾದರೋ ರಕ್ತದ ಪ್ಲೇಟ್‌ಲೆಟ್‌ಗಳನ್ನು ತಗ್ಗಿಸಬಲ್ಲದು, ಗರ್ಭಸ್ಥ ಶಿಶುವಿಗೆ ಅಂಗವೈಕಲ್ಯ ತರಬಲ್ಲದು. ಆದುದರಿಂದ ಗ್ಲಿಯೋಬ್ಲಾಸ್ಟೋಮಾ ರೋಗಿಗೆ ಅದನ್ನು ಕೊಡುವುದಿದ್ದರೆ ಸೆಳವಿಗಾಗಿ ಕೊಡಬೇಕೇ ಹೊರತು ಆಯುಷ್ಯ ಹೆಚ್ಚೀತೆಂಬ ನಿರೀಕ್ಷೆಯಿಂದಲ್ಲ.