ಪರೀಕ್ಷೆಯ ಆ ಎರಡು ಗಂಟೆ



ವಕೀಲಳಾಗಬೇಕೆಂದು ಕ್ಲ್ಯಾಟ್ ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳು ಮೊನ್ನೆ, "ಟೀಚರ್, ಪುಸ್ತಕ ತೆರೆದರೆ ಕೈ ನಡುಗುತ್ತದೆ" ಎಂದಳು. ಉರ್ದು ಶಾಲೆಯಲ್ಲಿ ಕಲಿತವಳು. ಅಲ್ಲಿ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಅವಳ ಭಯ ಸುಳ್ಳಲ್ಲ. 2008ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ ಈಗ 120 ನಿಮಿಷಕ್ಕೆ 120 ಪ್ರಶ್ನೆ. ತಪ್ಪಿಗೆ ಕಾಲು ಅಂಕ ಕಡಿತ. ಬಿಟ್ಟ ಪ್ರಶ್ನೆಗೆ ಕಡಿತವಿಲ್ಲ. ಅಂದರೆ ತಿಳಿಯದ್ದನ್ನು ಬಿಟ್ಟು ಮುಂದೆ ಹೋಗಲು ಪರೀಕ್ಷೆಯೇ ಅನುಮತಿ ಕೊಟ್ಟಿದೆ.

ಅವಳು ರಾತ್ರಿ ಎರಡರವರೆಗೆ ಓದುತ್ತಿದ್ದಳು. ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ನಡೆದಿರುವುದು ಮಧ್ಯಾಹ್ನ 2ರಿಂದ 4ರವರೆಗೆ, ಊಟ ಮುಗಿಸಿ ಕಣ್ಣೆಳೆಯುವ ಹೊತ್ತು! ಅದೇ ಹೊತ್ತಿನಲ್ಲಿ ಗಡಿಯಾರ ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಹೇಳಿದೆ. ಯಲಿಯೂರು ಸ್ಟೇಷನ್ನಿನಲ್ಲಿ ರೈಲು ಕೂಗಿದರೂ ತಲೆ ಎತ್ತಬಾರದು. ರಾತ್ರಿ ಹತ್ತೂವರೆಗೆ ನಿದ್ದೆ. (ನಾನೂ ಬಿ.ಎಡ್. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು, ಓದಿದ್ದನ್ನೆಲ್ಲ ಮರೆತು ಕುಳಿತವಳೇ.)

ಪೋಷಕರಲ್ಲಿ ಒಂದು ಮಾತು. "ಸೀಟು ಸಿಗದಿದ್ದರೆ ಮದುವೆ" ಎಂದು ಊಟಕ್ಕೆ ಕುಳಿತಾಗ ಹೇಳಬೇಡಿ. ಅವಳ ಕೈ ನಡುಗುತ್ತಿದ್ದುದು ಹೆಚ್ಚಾಗಿ ಅದಕ್ಕೇ. ಮಂಡ್ಯದಲ್ಲೂ ಕಾನೂನು ಕಾಲೇಜಿದೆ. ಕ್ಲ್ಯಾಟ್ ಬರೆಯದೆಯೂ ಅಲ್ಲಿ ಓದಿ ವಕೀಲರಾಗಬಹುದು. ಇದನ್ನು ಅವಳ ಅಬ್ಬಾರಿಗೆ ಹೇಳಿಬಂದೆ. ಮರುದಿನ ಮಧ್ಯಾಹ್ನ ಎರಡು ಗಂಟೆ ಆ ಮನೆಯ ಟಿ.ವಿ. ಆಫ್ ಆಗಿತ್ತಂತೆ.